ಅಪ್‌ಡೇಟ್: ಮಗಳ ಮೈಮೇಲಿನ ಕಂದು ಮಚ್ಚೆಗಳ ಕಾರಣ ಗೊತ್ತಾಯ್ತು

ಮಗಳ ಬೆನ್ನು, ಹೊಟ್ಟೆ ಮೇಲಿನ ಕಂದು ಮಚ್ಚೆಗಳು ಉಜ್ಜಿದರೆ ಊದಿಕೊಳ್ಳುತ್ತವೆ, ಯಾಕೆ ಅಂತ ಕೇಳಿದ್ದೆ. ಚರ್ಮದ ಡಾಕ್ಟರ್ ಒಂದು ಮಚ್ಚೆಯನ್ನು ಮೆಲ್ಲಗೆ ಉಜ್ಜಿ, ಸ್ವಲ್ಪ ಹೊತ್ತು ಕಾದರು. ಅದು ಕೆಂಪಾಗಿ, ಸೊಳ್ಳೆ ಕಚ್ಚಿದ ಹಾಗೆ ಉಬ್ಬಿತು. ಇದಕ್ಕೆ ಡೇರಿಯರ್ ಸೈನ್ ಅಂತಾರೆ. ಕಾಯಿಲೆ ಚರ್ಮದ ಮ್ಯಾಸ್ಟೊಸೈಟೋಸಿಸ್. ಚರ್ಮದಲ್ಲಿ ಜಾಸ್ತಿ ಸೇರಿಕೊಂಡ ಮ್ಯಾಸ್ಟ್ ಕೋಶಗಳು (ಅಲರ್ಜಿಯಲ್ಲಿ ಕೆಲಸ ಮಾಡುವ ರೋಗನಿರೋಧಕ ಕೋಶಗಳು) ಕೆಣಕಿದಾಗ ತುರಿಕೆ, ಊತ ತರುವ ಹಿಸ್ಟಮಿನ್ ಎಂಬ ರಾಸಾಯನಿಕ ಬಿಡುತ್ತವೆ. ಅಂಟುರೋಗ ಖಂಡಿತ ಅಲ್ಲ.

ರಕ್ತದಲ್ಲಿ ಟ್ರಿಪ್ಟೇಸ್ (ಈ ಕೋಶಗಳು ಬಿಡುವ ಒಂದು ಪ್ರೋಟೀನ್) ನಾರ್ಮಲ್ ಇದೆ, ಬೇರೆ ತೊಂದರೆಯೂ ಇಲ್ಲ. ಹಾಗಾಗಿ ಮೂಳೆಮಜ್ಜೆ ಪರೀಕ್ಷೆ ಬೇಡ ಅಂದರು. ಎಷ್ಟು ಸಮಾಧಾನ ಆಯ್ತು!

ಹಿಸ್ಟಮಿನ್ ತಡೆಯುವ ಸೆಟಿರಿಜಿನ್ ಸಿರಪ್ ಕೊಡುತ್ತಿದ್ದೇವೆ. ಸುಡುವ ನೀರಿನ ಸ್ನಾನ, ಟವಲ್‌ನಿಂದ ಗಟ್ಟಿಯಾಗಿ ಒರೆಸುವುದು ನಿಲ್ಲಿಸಿದ್ದೇವೆ. ತುರಿಕೆ ಕಡಿಮೆಯಾಗಿದೆ. ಮಚ್ಚೆಗಳು ಹಾಗೇ ಇವೆ, ಔಷಧಿ ಅವನ್ನು ಅಳಿಸುವುದಿಲ್ಲ. ಹೆಚ್ಚಿನ ಮಕ್ಕಳಿಗೆ ಹರೆಯದ ಹೊತ್ತಿಗೆ ಕಡಿಮೆಯಾಗುತ್ತವಂತೆ. ಮುಂದೆ ಯಾವತ್ತಾದರೂ ಅರಿವಳಿಕೆ ಕೊಡಬೇಕಾದರೆ ಈ ವಿಷಯ ಮೊದಲೇ ಹೇಳಬೇಕು. ಅದನ್ನು ಅವಳ ಫೈಲ್‌ನಲ್ಲಿ ಬರೆಸಿದ್ದೇವೆ.