ತುರ್ತು: ‘ನೆರೆ ದೇಶಗಳಲ್ಲಿ ನಗದು ನೆರವು’ – ಬೇರೆ ಪದ ಇದೆಯೇ?

ಎಸ್.ಕೆ., ಬೆಂಗಳೂರು:

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆ ಐದಕ್ಕೆ ಫ್ಲೆಕ್ಸ್ ಪ್ರಿಂಟಿಗೆ ಕೊಡಬೇಕು. ಕಾಲೇಜೊಂದರಲ್ಲಿ ಸಿರಿಯಾದ ನಿರಾಶ್ರಿತರ ಬಗ್ಗೆ ಫೋಟೋ ಪ್ರದರ್ಶನ ಇದೆ, ಫಲಕಗಳ ಕನ್ನಡ ನನ್ನದು. ದೊಡ್ಡ ಫಲಕಕ್ಕೆ ‘ನೆರೆ ದೇಶಗಳಲ್ಲಿ ನಿರಾಶ್ರಿತರಿಗೆ ಆಹಾರ ಮತ್ತು ನಗದು ನೆರವು’ ಅಂತ ತಲೆಬರಹ ಬರೆದಿದ್ದೆ. ನೋಡಿದವರೆಲ್ಲ ಕೇಳಿದ್ದು ಒಂದೇ: ಸಿರಿಯಾದಲ್ಲಿ ಪ್ರವಾಹ ಬಂದಿತ್ತಾ? ‘ನೆರೆ’ ಮತ್ತು ‘ನೆರವು’ ಒಂದೇ ಸಾಲಿನಲ್ಲಿ ಬಂದರೆ ನಮ್ಮವರಿಗೆ ನೆನಪಾಗುವುದು ಕೊಡಗು, ಬೆಳಗಾವಿ, ತಹಶೀಲ್ದಾರ್ ಕಚೇರಿ.

ತೊಂದರೆ ತಲೆಬರಹದ್ದು ಮಾತ್ರ ಆಗಿದ್ದರೆ ನಿಮ್ಮನ್ನು ಕಾಡುತ್ತಿರಲಿಲ್ಲ. ಒಳಗಿನ ಫಲಕಗಳು ನೆರವಿನ ರೀತಿ ಹೇಗೆ ಬದಲಾಯಿತು ಅಂತ ತೋರಿಸುತ್ತವೆ. ಜೋರ್ಡಾನಿನ ಝಾತರಿ ಶಿಬಿರ 2012ರ ಜುಲೈನಲ್ಲಿ ಶುರುವಾಯಿತು. ಮೊದಮೊದಲು ಬೇಯಿಸಿದ ಊಟ ಕೊಡುತ್ತಿದ್ದರು. ಆಮೇಲೆ ಅಕ್ಕಿ, ಬೇಳೆ, ಎಣ್ಣೆ. ಆಮೇಲೆ ಕಾಗದದ ವೌಚರ್, ಅದರ ನಂತರ ಕಾರ್ಡ್. 2016ರಲ್ಲಿ ಕಾರ್ಡೂ ಬೇಡವಾಯಿತು, ಸೂಪರ್ ಮಾರ್ಕೆಟ್ಟಿನ ಕೌಂಟರಿನಲ್ಲಿ ಕಣ್ಣನ್ನೇ ಸ್ಕ್ಯಾನ್ ಮಾಡತೊಡಗಿದರು. ಟರ್ಕಿಯಲ್ಲಿ ಅದೇ ವರ್ಷದ ಕೊನೆಗೆ ದೊಡ್ಡ ನಗದು ಯೋಜನೆ ಬಂತು. ಅಲ್ಲಿನ ರೆಡ್ ಕ್ರೆಸೆಂಟಿನ (ನಮ್ಮ ರೆಡ್ ಕ್ರಾಸ್ ಇದ್ದ ಹಾಗೆ) ಕಾರ್ಡಿಗೆ ಯುರೋಪ್ ಒಕ್ಕೂಟದ ದುಡ್ಡು ಹಾಕಿ, ಎಟಿಎಂನಲ್ಲಿ ತೆಗೆದುಕೊಳ್ಳಿ ಅಂದರು. ಮೊದಲು ತಲೆಗೆ ತಿಂಗಳಿಗೆ 100 ಲೀರಾ.

ಮೂಟೆಯಲ್ಲಿ ಏನಿರಬೇಕು ಅಂತ ಕೊಡುವವರು ತೀರ್ಮಾನಿಸುತ್ತಾರೆ. ವೌಚರ್ ಆದರೆ ಅಂಗಡಿ ಅವರು ಹೇಳಿದ್ದು, ಸಾಮಾನು ನಿರಾಶ್ರಿತರಿಗೆ ಬೇಕಾದ್ದು. ನಗದಾದರೆ ಬಾಡಿಗೆಯನ್ನೂ ಕಟ್ಟಬಹುದು, ಔಷಧಿಯನ್ನೂ ತರಬಹುದು. ಈ ಮೂರಕ್ಕೂ ಬೇರೆ ಬೇರೆ ಪದ ಇಲ್ಲದಿದ್ದರೆ ಫಲಕಗಳು ಸುಮ್ನೆ ಬಟ್ಟೆ ಖರ್ಚು.

ಕನ್ನಡ ಪದ ಬೇಕಾದ್ದು: ಹೋಸ್ಟ್ ಕಂಟ್ರಿ (ನಿರಾಶ್ರಿತರಿಗೆ ಜಾಗ ಕೊಟ್ಟ ದೇಶ), ವೌಚರ್, ಕ್ಯಾಶ್ ಅಸಿಸ್ಟೆನ್ಸ್. ಓದುವವರು ಪಿಯುಸಿ, ಡಿಗ್ರಿ ಮಕ್ಕಳು.

ಕೆ.ಎನ್., ಮೈಸೂರು:

ಆತಿಥೇಯ ರಾಷ್ಟ್ರ. ಸಂದಾಯ ಪತ್ರ. ನಗದು ಸಹಾಯಧನ. ಎಲ್ಲವೂ ನಿಘಂಟಿನಲ್ಲಿವೆ. ಇದರಲ್ಲಿ ಚರ್ಚೆಗೆ ಏನಿದೆಯೋ ತಿಳಿಯಲಿಲ್ಲ.

ವಿ.ಜಿ., ಧಾರವಾಡ:

ಕೆ.ಎನ್. ಸರ್, ‘ಆತಿಥೇಯ’ ಅಂದ ತಕ್ಷಣ ಹುಡುಗರು ಟಾಸ್ ಯಾರು ಗೆದ್ದರು ಅಂತ ಕೇಳುತ್ತಾರೆ. ಕ್ರೀಡಾ ಪುಟ ಆ ಪದವನ್ನು ಪೂರ್ತಿ ತನ್ನದು ಮಾಡಿಕೊಂಡಿದೆ. ‘ಸಂದಾಯ ಪತ್ರ’ ಓದಿದರೆ ಇವರೇ ಯಾರಿಗೋ ದುಡ್ಡು ಕಟ್ಟಬೇಕು ಅನ್ನಿಸುತ್ತದೆ. ‘ಸಹಾಯಧನ’ ನಮ್ಮ ಕಡೆ ಸಬ್ಸಿಡಿ. ಟ್ರ್ಯಾಕ್ಟರಿಗೆ, ಡ್ರಿಪ್ಪಿಗೆ ಕೊಡುವುದು.

ನನ್ನ ಓಟು ‘ರೊಕ್ಕ’ಕ್ಕೆ. ‘ರೊಕ್ಕದ ನೆರವು’. ಅಚ್ಚಗನ್ನಡ, ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಬಿ.ಆರ್., ಶಿವಮೊಗ್ಗ:

‘ರೊಕ್ಕ’ ಅಚ್ಚಗನ್ನಡ ಅಂತ ಯಾರು ಹೇಳಿದರು? ಮರಾಠಿಯ ರೋಖ್, ರೋಕಡಾ ಪಕ್ಕದಲ್ಲೇ ಕೂತಿವೆ. ಅದಿರಲಿ.

ಎಸ್.ಕೆ. ಅವರು ಕೈಬಿಡಲು ಹೊರಟಿರುವ ಸಾಲೇ ಇಲ್ಲಿ ಚಂದದ್ದು. ನೆರೆ ಅಂದರೆ ಕೂಡು, ತುಂಬು. ಜನ ಕೂಡಿದರೆ ಹಳಗನ್ನಡದ ನೆರವಿ. ನೀರು ತುಂಬಿದರೆ ನೆರೆ. ಪಕ್ಕದಲ್ಲಿ ಕೂಡಿ ಇರುವವನು ನೆರೆಯವನು. ಅವನು ಬಂದು ಕೈಜೋಡಿಸಿದರೆ ನೆರವು. ಒಂದೇ ಬೇರು, ನಾಲ್ಕು ಕೊಂಬೆ. ಇಂಥ ಸಾಲನ್ನು ಪ್ರವಾಹದ ಗೊಂದಲ ಅಂತ ಬಿಡುವುದಾದರೆ ಕನ್ನಡ ಬರೆಯುವುದು ಯಾಕೆ? ‘ನೆರೆನಾಡು’ ಅಂತ ಹಾಕಿ, ಗೊಂದಲ ಹೋಗುತ್ತದೆ. ನಗದಿಗೆ ‘ಕೈಹಣ’. ನಿರಾಶ್ರಿತರಿಗೆ ‘ನೆಲೆಗೆಟ್ಟವರು’. ಸಂಸ್ಕೃತವೂ ಬೇಡ, ಪಾರಸಿಯೂ ಬೇಡ.

ವಿ.ಜಿ., ಧಾರವಾಡ:

‘ನೆಲೆಗೆಟ್ಟವರು’ ನಮ್ಮ ಓಣಿಯಲ್ಲಿ ಬೈಗುಳ. ಮನೆ ಕಳೆದುಕೊಂಡು ಬಂದವರಿಗೆ ಗೋಡೆಯ ಮೇಲೂ ಬೈಯಬೇಕೇ?

ಆರ್.ಎಲ್., ಕಲಬುರಗಿ:

ಹಿಂದಿಯವರು ‘ಶರಣಾರ್ಥಿ’ ಅಂತಾರಲ್ಲ, ನಮಗೂ ಅದೇ ಆಗಬಹುದು ಅಲ್ವಾ? ಅರ್ಥ ಸರಿಯಾಗಿದೆ, ಮರ್ಯಾದೆಯೂ ಇದೆ.

ಕೆ.ಎನ್., ಮೈಸೂರು:

ಕಲಬುರಗಿಯಲ್ಲಿ ಕೂತು ಇದನ್ನು ಹೇಳುತ್ತಿದ್ದೀರಿ! ‘ಶರಣು ಶರಣಾರ್ಥಿ’ ಅಂತ ದಿನಾ ಕೈಮುಗಿಯುವವರು ಆ ಫಲಕ ಓದಿ ಏನು ತಿಳಿದುಕೊಳ್ಳಬೇಕು?

ಜೆ.ಪಿ., ತುಮಕೂರು:

ಆಹಾರ ಇಲಾಖೆಯಲ್ಲಿ ಬಹಳ ಕಾಲ ಇದ್ದವನು. ವೌಚರ್ ಬಗ್ಗೆ ಒಂದು ಮಾತು. ಯಾರಾದರೂ ‘ಪಡಿತರ ಚೀಟಿ’ ಅಂತ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ, ಬೇಡ. ಅದು ರೇಷನ್ ಕಾರ್ಡು. ಕಾರ್ಡು ನೀವು ಯಾರು ಅಂತ ಹೇಳುತ್ತದೆ, ವೌಚರ್ ನಿಮಗೆ ಎಷ್ಟು ಬರುತ್ತದೆ ಅಂತ ಹೇಳುತ್ತದೆ. ಬರೀ ‘ಚೀಟಿ’ ಅಂದರೆ ಚೀಟಿ ವ್ಯವಹಾರ, ಮಹಿಳಾ ಸಂಘ, ಓಡಿಹೋದ ಏಜೆಂಟು. ‘ಕೂಪನ್’ ಅನ್ನಿ. ಸೀಮೆಎಣ್ಣೆ ಕ್ಯೂನಿಂದ ಹಿಡಿದು ಎಲ್ಲರಿಗೂ ಗೊತ್ತು.

ನಗದಿನ ಬಗ್ಗೆ: 2023ರ ಜುಲೈನಲ್ಲಿ ನಮ್ಮ ರಾಜ್ಯದಲ್ಲೇ ಹೀಗಾಯಿತು. ಅನ್ನಭಾಗ್ಯದ ಹೆಚ್ಚುವರಿ ಐದು ಕೆ.ಜಿ. ಅಕ್ಕಿ ಸಿಗಲಿಲ್ಲ ಅಂತ ಸರ್ಕಾರ ಕೆ.ಜಿ.ಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಬ್ಯಾಂಕಿಗೆ ಹಾಕಿತು. 2025ರಲ್ಲಿ ಮತ್ತೆ ಅಕ್ಕಿಗೇ ವಾಪಸ್. ಆದೇಶದಲ್ಲಿ ‘ನೇರ ನಗದು ವರ್ಗಾವಣೆ’. ಜನ ಕರೆದದ್ದು ‘ಅಕ್ಕಿ ದುಡ್ಡು’. ಇನ್ಯಾವ ಪದ ಬೇಕು? ‘ಊಟದ ದುಡ್ಡು’ ಅನ್ನಿ, ಮಕ್ಕಳಿಗೆ ಥಟ್ಟನೆ ಹೊಳೆಯುತ್ತದೆ.

ಎಸ್.ಕೆ., ಬೆಂಗಳೂರು:

ಜೆ.ಪಿ. ಸರ್, ಕೂಪನ್ ಒಪ್ಪಿದೆ. ಆದರೆ ‘ಊಟದ ದುಡ್ಡು’ ಕಷ್ಟ. ಅದು ಊಟಕ್ಕೆ ಮಾತ್ರ ಅಲ್ಲ. ಟರ್ಕಿಯಲ್ಲಿ ಬಹಳ ಮಂದಿ ಶಿಬಿರದಲ್ಲಿ ಇಲ್ಲ, ಊರುಗಳಲ್ಲಿ ಬಾಡಿಗೆಗೆ ಇದ್ದಾರೆ. ಲೆಬನಾನಿನಲ್ಲಂತೂ ಸಿರಿಯಾದವರಿಗೆ ಅಧಿಕೃತ ಶಿಬಿರವನ್ನೇ ಸರ್ಕಾರ ಮಾಡಗೊಡಲಿಲ್ಲ. ಬೆಕಾ ಕಣಿವೆಯ ಹೊಲದಲ್ಲಿ ಡೇರೆ ಹಾಕಿಕೊಳ್ಳುವುದಕ್ಕೂ ಹೊಲದ ಮಾಲೀಕನಿಗೆ ಬಾಡಿಗೆ. ಆ ಖರ್ಚಿಗೂ ಅಂತಲೇ ಬೇರೆ ನಗದು ಕೊಡುತ್ತಾರೆ.

‘ಭತ್ಯೆ’ ಹೇಗೆ? ತಿಂಗಳು ತಿಂಗಳು ಬರುವುದಲ್ವಾ?

ಜೆ.ಪಿ., ತುಮಕೂರು:

ಬೇಡಮ್ಮ. ಭತ್ಯೆ ಅಂದರೆ ಹಕ್ಕು. ಕೊಡದಿದ್ದರೆ ಕೋರ್ಟಿಗೆ ಹೋಗಬಹುದು. ಇವರ ಕಥೆ ಹಾಗಿಲ್ಲ. 2014ರ ಡಿಸೆಂಬರ್ 1ರಂದು ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮದವರು ದುಡ್ಡಿಲ್ಲ ಅಂತ 17 ಲಕ್ಷ ಜನರ ಕೂಪನ್ ನಿಲ್ಲಿಸಿದರು. ಚಳಿಗಾಲದ ಬಾಗಿಲಲ್ಲಿ. ಜನರ ಹತ್ತಿರ ಡಾಲರ್ ಡಾಲರ್ ಕೇಳಿ ಕೆಲವೇ ದಿನದಲ್ಲಿ ಮತ್ತೆ ಶುರು ಮಾಡಿದರು. ಮರುವರ್ಷ ಲೆಬನಾನಿನಲ್ಲಿ ತಲೆಗೆ ತಿಂಗಳಿಗೆ 27 ಡಾಲರ್ ಇದ್ದದ್ದು 19ಕ್ಕೆ, ಜುಲೈ ಹೊತ್ತಿಗೆ ಹದಿಮೂರೂವರೆಗೆ ಇಳಿಯಿತು. ಕೊಡುವ ದೇಶಗಳು ಕೈ ಬಿಗಿ ಹಿಡಿದಾಗೆಲ್ಲ ಹೀಗೇ. 2023ರಲ್ಲಿ ಜೋರ್ಡಾನಿನ ಝಾತರಿ, ಅಜ್ರಾಕ್ ಶಿಬಿರಗಳಲ್ಲೂ 32 ಡಾಲರ್ 21 ಆಯಿತು. ಇದು ನೆರವೇ. ಆ ಪದ ಬದಲಿಸಬೇಡಿ.

ಎಚ್.ವಿ., ಹಾಸನ:

ಎಲ್ಲರೂ ಮರೆತಿರುವ ಒಂದು ಪದ ಇದೆ. ‘ತಸ್ತೀಕು’. ಹಿಂದೆ ದೇವಸ್ಥಾನಕ್ಕೆ ಇನಾಂ ಜಮೀನಿನಿಂದ ಅಕ್ಕಿ, ಎಣ್ಣೆ ಬರುತ್ತಿತ್ತು. ಶಾಸನಗಳಲ್ಲಿ ‘ಅಮೃತಪಡಿ’ (ದೇವರ ನೈವೇದ್ಯದ ಪಾಲು) ಅಂತ ಬರುವುದು ಅದೇ. ಜಮೀನು ಹೋದ ಮೇಲೆ ಅದರ ಬದಲಿಗೆ ಸರ್ಕಾರ ವರ್ಷಕ್ಕಿಷ್ಟು ಹಣ ಕೊಡತೊಡಗಿತು. ಅದು ತಸ್ತೀಕು. ಧಾನ್ಯದ ಬದಲು ನಗದು, ಅಚ್ಚುಕಟ್ಟಾಗಿ ಇದೇ ಅರ್ಥ! ಇಷ್ಟು ಸರಿಯಾದ ಪದವನ್ನು ಬಿಟ್ಟು ಎಲ್ಲೆಲ್ಲೋ ಹುಡುಕುತ್ತಿದ್ದೀರಿ.

ವಿ.ಜಿ., ಧಾರವಾಡ:

ಪಿಯುಸಿ ಮಕ್ಕಳು. ತಸ್ತೀಕು. ದೇವರೇ.

ಎಚ್.ವಿ., ಹಾಸನ:

ಗೊತ್ತಿಲ್ಲದಿದ್ದರೆ ಕಲಿಯಲಿ. ಕಾಲೇಜಿಗೆ ಬಂದಿರುವುದು ಯಾತಕ್ಕೆ?

ಬಿ.ಆರ್., ಶಿವಮೊಗ್ಗ:

ತಸ್ತೀಕು ಅರಬ್ಬಿ. ನಗದು ಅರಬ್ಬಿ. ಕೂಪನ್ ಫ್ರೆಂಚ್, ಇಂಗ್ಲಿಷಿನ ಮೂಲಕ ಬಂದದ್ದು. ಇಲ್ಲಿಯವರೆಗೆ ಈ ಎಳೆಯಲ್ಲಿ ಒಪ್ಪಿಗೆಯಾದ ಪದಗಳಲ್ಲಿ ಕನ್ನಡದ್ದು ‘ನೆರವು’ ಒಂದೇ. ಅದನ್ನೂ ಪ್ರವಾಹಕ್ಕೆ ಬಿಟ್ಟುಕೊಡಲು ಹೊರಟಿದ್ದಿರಿ. ನಾನು ಹೇಳುವುದು ಇಷ್ಟೇ: ಹೊಸ ವಿಷಯ ಬಂದಾಗಲೆಲ್ಲ ಪಕ್ಕದವರ ಅಂಗಡಿಗೆ ಓಡಿದರೆ ನಮ್ಮ ಮನೆಯಲ್ಲಿ ಅಡುಗೆ ಯಾವಾಗ?

ಯು.ಎ., ಮಂಗಳೂರು:

ಸ್ವಲ್ಪ ನಿಲ್ಲಿ ಮಾರಾಯ್ರೇ. ನಾನು ಗಲ್ಫಿನಲ್ಲಿ ಅಕೌಂಟ್ಸ್ ಕೆಲಸ ಮಾಡಿದವನು, ಪಕ್ಕದ ಮೇಜಿನಲ್ಲಿ ಇದ್ದವರು ಸಿರಿಯಾ, ಜೋರ್ಡಾನಿನವರೇ. ಈ ನಗದು ನೆರವಿಗೆ ಅರಬ್ಬಿಯಲ್ಲಿ ಏನು ಹೇಳುವುದು ಗೊತ್ತುಂಟಾ? ‘ಮುಸಾಅದಾತ್ ನಕ್ದೀಯಾ’. ಆ ‘ನಕ್ದ್’ ಇದೆಯಲ್ಲ, ಅದೇ ನಮ್ಮ ನಗದು. ಎಟಿಎಂಗೆ ಅವರು ‘ಸರ್ರಾಫ್ ಆಲಿ’ ಅನ್ನುವುದು. ಅಂದರೆ ಯಂತ್ರದ ಸರಾಫ! ನಮ್ಮ ಪೇಟೆಯ ಸರಾಫರು ಬೇರೆ ಯಾರು ಮತ್ತೆ?

ಫಲಕದ ಫೋಟೋದಲ್ಲಿ ಇರುವ ಹೆಂಗಸು ಬಾಯಿ ಬಿಟ್ಟು ಹೇಳುವ ಪದವೇ ನಮ್ಮ ಊರಿನ ಬಿಲ್ಲಿನಲ್ಲಿ, ‘ಇಂದು ನಗದು ನಾಳೆ ಉದ್ರಿ’ ಬೋರ್ಡಿನಲ್ಲಿ ಉಂಟು. ಅದನ್ನು ತೆಗೆದು ‘ಕೈಹಣ’ ಹಾಕುವುದಾ? ಯಾರಿಗೆ ಲಾಭ?

ಬಿ.ಆರ್., ಶಿವಮೊಗ್ಗ:

ಅವರ ಪದ ಅನ್ನುವುದು ನಮಗೂ ಇರಲಿ ಅನ್ನಲು ಕಾರಣವಲ್ಲ. ಅವರು ಟರ್ಕಿಯಲ್ಲಿದ್ದಾರೆ ಅಂತ ಟರ್ಕಿ ಪದವನ್ನೂ ತರೋಣವೇ?

ಯು.ಎ., ಮಂಗಳೂರು:

ತಂದರೆ ತಪ್ಪೇನು? ಟರ್ಕಿ ಸರ್ಕಾರ ಮೊದಲಿಗೆ ಇವರನ್ನು ಕರೆದದ್ದೇ ‘ಮಿಸಾಫಿರ್’ ಅಂತ, ಅತಿಥಿಗಳು. ನಮ್ಮ ಮುಸಾಫಿರ್‌ಖಾನೆಯ ಮುಸಾಫಿರ. ಅತಿಥಿ ಅಂದರೆ ಚಂದ ಕೇಳುತ್ತದೆ, ಆದರೆ ಅತಿಥಿಗೆ ಹಕ್ಕಿಲ್ಲ, ಹೊರಡುವ ದಿನ ಉಂಟು. ಅಲ್ಲಿನ ಕಾನೂನಿನಲ್ಲಿ ಯುರೋಪಿನಿಂದ ಬಂದವರಿಗೆ ಮಾತ್ರ ನಿರಾಶ್ರಿತ ಸ್ಥಾನ. ಸಿರಿಯಾದವರಿಗೆ 2014ರಿಂದ ‘ತಾತ್ಕಾಲಿಕ ರಕ್ಷಣೆ’. ಲೆಬನಾನ್, ಜೋರ್ಡಾನ್ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿಯನ್ನೇ ಹಾಕಿಲ್ಲ. ಅದಕ್ಕೇ ಕೆ.ಎನ್. ಅವರ ‘ಆತಿಥೇಯ’ ನನಗೆ ಆಗುವುದಿಲ್ಲ. ಸರ್ಕಾರ ಹೇಳಿಕೊಳ್ಳುವ ಮಾತನ್ನು ನಾವು ಯಾಕೆ ತಲೆಬರಹ ಮಾಡಬೇಕು?

ಕೆ.ಎನ್., ಮೈಸೂರು:

ಭಾರತವೂ ಆ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಆದರೂ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಲ್ಲೇ ಮೈಸೂರು ರಾಜ್ಯ ಟಿಬೆಟಿನವರಿಗೆ ನೆಲ ಕೊಟ್ಟಿತು. ಅದನ್ನು ಆತಿಥ್ಯ ಅನ್ನದೆ ಏನನ್ನಬೇಕು?

ಯು.ಎ., ಮಂಗಳೂರು:

ಆಶ್ರಯ ಅನ್ನಬೇಕು. ಅಷ್ಟೇ.

ಆರ್.ಎಲ್., ಕಲಬುರಗಿ:

ಬೈಲಕುಪ್ಪೆ ಅಂದದ್ದು ಒಳ್ಳೆಯದಾಯಿತು. ಅಲ್ಲಿ, ಮುಂಡಗೋಡಿನಲ್ಲಿ, ನಮ್ಮ ಸಿಂಧನೂರಿನ ಬಂಗಾಳಿಗಳ ಕಡೆ, ಎಲ್ಲೆಡೆ ಜನ ಹೇಳುವುದು ‘ಕ್ಯಾಂಪ್’. ‘ಶಿಬಿರ’ ಅಂದರೆ ರಕ್ತದಾನ, ಎನ್ನೆಸ್ಸೆಸ್. ಎಸ್.ಕೆ. ಮೇಡಂ, ಅದನ್ನೂ ಒಮ್ಮೆ ನೋಡಿ.

ಎಚ್.ವಿ., ಹಾಸನ:

ಕ್ಯಾಂಪ್, ಕೂಪನ್, ಕಾರ್ಡ್. ಇನ್ನು ‘ರೆಫ್ಯೂಜಿ’ ಅಂತಲೂ ಹಾಕಿಬಿಡಿ, ಫಲಕಕ್ಕೆ ಕನ್ನಡದ ಪ್ರತ್ಯಯ ಮಾತ್ರ ಸಾಕು.

ಎಸ್.ಕೆ., ಬೆಂಗಳೂರು:

ಎಲ್ಲರಿಗೂ ಥ್ಯಾಂಕ್ಸ್. ಪ್ರೆಸ್ಸಿನವರು ಫೋನ್ ಮೇಲೆ ಫೋನ್ ಮಾಡುತ್ತಿದ್ದಾರೆ, ಹೀಗೆ ಮುಗಿಸಿದ್ದೇನೆ. ತಲೆಬರಹ: ‘ಗಡಿ ದಾಟಿ ಬಂದವರಿಗೆ ಊಟ, ಕೂಪನ್, ನಗದು’. ‘ನೆರೆ’ ಇಲ್ಲ, ಪ್ರವಾಹವೂ ಇಲ್ಲ. ಅಡಿಬರಹದಲ್ಲಿ ‘ಸಿರಿಯಾದ ನಿರಾಶ್ರಿತರಿಗೆ ಆಶ್ರಯ ಕೊಟ್ಟ ಸುತ್ತಮುತ್ತಲಿನ ದೇಶಗಳು: ಟರ್ಕಿ, ಲೆಬನಾನ್, ಜೋರ್ಡಾನ್, ಇರಾಕ್, ಈಜಿಪ್ಟ್’. ಒಳಗೆಲ್ಲ ‘ನಗದು ನೆರವು’. ಮೂಟೆಗೆ ‘ದಿನಸಿ’. ‘ನಿರಾಶ್ರಿತ’ ಹಾಗೇ ಉಳಿಸಿದೆ. ಮುಳುಗಡೆಯವರಿಗೂ ಭಿಕ್ಷುಕರ ಕೇಂದ್ರಕ್ಕೂ ಅದೇ ಪದ ಇದೆ ಅಂತ ಗೊತ್ತು, ಆದರೆ ಫೋಟೋ ಪಕ್ಕದಲ್ಲೇ ಇರುವುದರಿಂದ ತಪ್ಪು ತಿಳಿಯುವ ಭಯ ಇಲ್ಲ. ಯು.ಎ. ಅವರು ಹೇಳಿದ ‘ನಕ್ದ್’ ವಿಷಯವನ್ನು ಎಟಿಎಂ ಫೋಟೋದ ಕೆಳಗೆ ಒಂದು ಸಾಲಿನಲ್ಲಿ ಹಾಕಿದ್ದೇನೆ. ಬಿ.ಆರ್. ಸರ್ ಬೇಜಾರು ಮಾಡಿಕೊಳ್ಳಬಾರದು.

ಬಿ.ಆರ್., ಶಿವಮೊಗ್ಗ:

ಬೇಜಾರಿಲ್ಲ. ಆದರೆ ‘ಝಾತರಿ’ಯಲ್ಲಿ ಝ ಯಾಕೆ? ಅರಬ್ಬಿಯಲ್ಲಿ ಆ ಮಹಾಪ್ರಾಣವೇ ಇಲ್ಲ. ‘ಜಾತರಿ’ ಸಾಕು.

ವಿ.ಜಿ., ಧಾರವಾಡ:

‘ಜಾತರಿ’ ಅಂದರೆ ನಮ್ಮ ಕಡೆ ತೇರು ಎಳೆಯುತ್ತಾರೆ ಸರ್.

ಎಸ್.ಕೆ., ಬೆಂಗಳೂರು:

ಝಾತರಿ ಅಂತಲೇ ಪ್ರಿಂಟಿಗೆ ಹೋಗಿದೆ.