ಅಪ್‌ಡೇಟ್: ಲೈಟ್ ಹಾಕಿದ ಕೂಡ್ಲೇ ಗಾಬರಿ ಆಗ್ತಿದ್ದ ಏಂಜಲ್ ಮೀನು ಈಗ ಆರಾಮ

ವಿಜಯಪುರದಿಂದ ಕೇಳಿದ್ನಲ್ರೀ, ಮುಂಜಾನೆ ಟ್ಯಾಂಕಿನ ಎಲ್‌ಇಡಿ ಹಾಕಿದ್ರ ಸಾಕು ಏಂಜಲ್ ಮೀನು ಹೋಗಿ ಗಾಜಿಗೆ ಬಡ್ಕೊಳ್ತಾವ, ಬಣ್ಣ ಮಸುಕಾಗ್ತದ, ಕಾಳು ಮುಟ್ಟಂಗಿಲ್ಲ ಅಂತ. ಈಗ ಎಲ್ಲಾ ಸರಿ ಹೋಗ್ಯದ.

ಕೆಲಸಕ್ಕ ಬಂದಿದ್ದು "ಮೊದಲು ಖೋಲಿ ಲೈಟ್ ಹಾಕ್ರಿ, ಅರ್ಧ ತಾಸು ಬಿಟ್ಟು ಟ್ಯಾಂಕಿಂದು ಹಾಕ್ರಿ" ಅಂದವರ ಮಾತು. ಮೀನಿಗೆ ನಮ್ಮಂಗ ರೆಪ್ಪಿ ಇಲ್ಲ, ಬಹಳಷ್ಟು ಜಾತಿಗೆ ಪಾಪೆ ಸಣ್ಣ ಮಾಡ್ಕೊಳ್ಳಾಕೂ ಬರಂಗಿಲ್ಲ. ಕಣ್ಣಿನ ಹಿಂದಿನ ಪರದೆ, ಅಂದ್ರ ರೆಟಿನಾದೊಳಗಿನ ಕೋಶಗಳೇ ಸರಿದು ಬೆಳಕಿಗೆ ಹೊಂದ್ಕೋಬೇಕು, ಅದಕ್ಕ ಹೊತ್ತು ಹಿಡೀತದ. ಇದು ಗೊತ್ತಾದ ಮ್ಯಾಲ ಪಾಪ ಅನಿಸ್ತು ನೋಡ್ರಿ.

ನೀರಿನ ಮ್ಯಾಲ ಒಂದಿಷ್ಟು ಅಂತರಗಂಗೆ (ತೇಲೋ ಗಿಡ) ಬಿಟ್ಟೀನಿ, ನೆರಳಾತು. ಲೈಟ್ ದಿನಕ್ಕ 8 ತಾಸು ಅಷ್ಟೇ. ಗಾಜಿನ ಪಾಚಿನೂ ಕಮ್ಮಿ ಆಗ್ಯದ.

ಉಪ್ಪು ಹಾಕಿದ್ದು ಏನೂ ಉಪಯೋಗ ಆಗ್ಲಿಲ್ಲ. ರಾತ್ರಿ ಪೂರ್ತಿ ನೀಲಿ ಲೈಟ್ ಬಿಟ್ಟಿದ್ದಂತೂ ಉಲ್ಟಾನ ಆತು: ಮೀನು ಒಂದು ಕಡೆ ನಿಲ್ಲದ ಸುತ್ತತಿದ್ವು. ಅವಕ್ಕೂ ಮೆಲಟೋನಿನ್ (ರಾತ್ರಿ ಆತು ಅಂತ ಮೈಗೆ ತಿಳಿಸೋ ಹಾರ್ಮೋನ್) ಏರಾಕ ಕತ್ತಲ ಬೇಕಂತ್ರೀ.

ಲೈಟ್ ತಾನಾಗೇ ಹಾಕಿ ಆರಿಸಾಕ ಟೈಮರ್ ತಗೋಳೋರು ಬ್ಯಾಟರಿ ಬ್ಯಾಕಪ್ ಇರೋದ ತಗೋರಿ. ನಮ್ಮ ಕಡೆ ಕರೆಂಟ್ ಹೋದಾಗೆಲ್ಲಾ ತಿರುಗೋ ಟೈಮರ್ ನಿಂತು, ಹೊತ್ತು ಹಿಂದ ಬೀಳ್ತದ.