ಹೊಂಡದ ಘನಫಲ, ಮೀನಿನ ರೆಕ್ಕೆ: ಮಕ್ಕಳಿಗೆ ಯಾವ ಪದ ಕೊಡೋಣ?

ಗೆಳೆಯರೇ,

ಕೊಪ್ಪಳ ಜಿಲ್ಲೆಯ ಹೈಸ್ಕೂಲು ಮಕ್ಕಳಿಗಾಗಿ ಕೃಷಿಹೊಂಡ ಮತ್ತು ಅದರಲ್ಲಿ ಮೀನು ಸಾಕುವುದರ ಬಗ್ಗೆ ಸಣ್ಣ ಪುಸ್ತಕವೊಂದನ್ನು ಬರೆಯುತ್ತಿದ್ದೇನೆ. ಲೆಕ್ಕ ಸರಿಯಿದೆ, ಚಿತ್ರ ಸರಿಯಿದೆ. ಹೆಸರುಗಳೇ ತೊಡಕು.

ಹೊಂಡ ಎಷ್ಟು ನೀರು ಹಿಡಿಯುತ್ತದೆ ಅನ್ನೋದಕ್ಕೆ ಪಠ್ಯಪುಸ್ತಕದ 'ಘನಫಲ' ನನಗೆ ಒಪ್ಪಿಗೆ. ಕೆಲವರು 'ಗಾತ್ರ' ಬಳಸುತ್ತಾರೆ. ಆದರೆ ಹೊಂಡದ ಗಾತ್ರ ಎಷ್ಟು ಅಂತ ಕೇಳಿದರೆ ಯಾರಾದರೂ ಉದ್ದ, ಅಗಲ ಹೇಳಿ ಸುಮ್ಮನಾಗುತ್ತಾರೆ, ಅಲ್ವಾ? ತುಂಗಭದ್ರಾ ಡ್ಯಾಮಿನ ಸುದ್ದಿ ಕೇಳಿ ಬೆಳೆದ ಮಕ್ಕಳಿಗೆ ಟಿಎಂಸಿ ಗೊತ್ತು. ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ. 'ಘನ' ಅಲ್ಲೇ ಇದೆ, ಬಿಡಬೇಕಿಲ್ಲ.

ಕಷ್ಟ ಇರುವುದು 'ಭಿನ್ನಕ'ದಲ್ಲಿ. ತುದಿ ಕತ್ತರಿಸಿದ ಶಂಕುವಿಗೆ ಪಠ್ಯದಲ್ಲಿ ಈ ಹೆಸರು. ಮಕ್ಕಳಿಗೆ ಭಿನ್ನರಾಶಿ ನೆನಪಾಗುತ್ತದೆ. ನಮ್ಮ ಹೊಂಡ ಶಂಕುವೂ ಅಲ್ಲ. ಬಾಯಿ ಚೌಕ, ತಳ ಚೌಕ, ಬದಿ ಇಳಿಜಾರು. ಕನಕಗಿರಿಯ ದೇವಸ್ಥಾನದ ಗೋಪುರವನ್ನು ತಲೆಕೆಳಗು ಮಾಡಿದರೆ ಹೆಚ್ಚುಕಡಿಮೆ ಇದೇ ಆಕಾರ. ಅದಕ್ಕೆ 'ಬೋರಲು ಗೋಪುರ' ಅಂತ ಬರೆದಿದ್ದೇನೆ. ಹೆಸರು ಬೇರೆಯೇ ಬೇಕು, ಯಾಕೆಂದರೆ ನೆಟ್ಟಗಿನ ಬದಿಯ ಪೆಟ್ಟಿಗೆಯಂಥ ಹೊಂಡಕ್ಕಿಂತ ಇದರ ಲೆಕ್ಕವೂ ಬೇರೆ. ಬಾಯಿ 12 ಮೀಟರ್ ಚೌಕ, ತಳ 6 ಮೀಟರ್ ಚೌಕ, ಆಳ 3 ಮೀಟರ್ ಅಂತಿಟ್ಟುಕೊಳ್ಳಿ. ಬಾಯಿಯ ವಿಸ್ತೀರ್ಣ 144, ತಳದ್ದು 36, ಇವೆರಡರ ಗುಣಲಬ್ಧದ ವರ್ಗಮೂಲ 72. ಮೂರನ್ನೂ ಕೂಡಿ, ಆಳದ ಮೂರನೇ ಒಂದು ಭಾಗದಿಂದ ಗುಣಿಸಿದರೆ 252 ಘನ ಮೀಟರ್, ಅಂದರೆ 2,52,000 ಲೀಟರ್. ಸುಮ್ನೆ ನಡುವಿನ ಅಳತೆ ಹಿಡಿದು 9×9×3 ಮಾಡಿದರೆ 243 ಬರುತ್ತದೆ. 9,000 ಲೀಟರ್ ನೀರು ಲೆಕ್ಕದಲ್ಲೇ ಮಾಯ!

ಇನ್ನು ಮೀನು. 'ಈಜುರೆಕ್ಕೆ' ಒಳ್ಳೆಯ ಪದ. ಆದರೆ ಒಂದೇ ಚಿತ್ರದಲ್ಲಿ ಐದು ಕಡೆ ಬರೆದರೆ ಉದ್ದವಾಗುತ್ತದೆ. ಒಮ್ಮೆ ಹೇಳಿಬಿಟ್ಟು ಆಮೇಲೆ ಬೆನ್ನುರೆಕ್ಕೆ, ಬಾಲರೆಕ್ಕೆ, ಎದೆರೆಕ್ಕೆ ಅಂದರೆ ಸಾಕು ಅನಿಸುತ್ತದೆ. ಈ ಮೂರಕ್ಕೆ ತಕರಾರಿಲ್ಲ.

ಎದೆರೆಕ್ಕೆಯ ಹಾಗೆ ಜೋಡಿಯಾಗಿರುವ ಇನ್ನೊಂದು ರೆಕ್ಕೆಗೆ 'ಸೊಂಟದ ಈಜುರೆಕ್ಕೆ' ಅಂತ ಓದಿದ್ದೇನೆ. ಮೀನಿಗೆ ಎಲ್ಲಿಯ ಸೊಂಟ? 'ಹೊಟ್ಟೆರೆಕ್ಕೆ' ಅಂದರೆ ರೋಹು, ಕಾಟ್ಲಾಗಳಿಗೆ ಸರಿ. ಅವುಗಳಲ್ಲಿ ಅದು ನಿಜವಾಗಿ ಹೊಟ್ಟೆಯ ನಡುವೆ ಇದೆ. ಆದರೆ ಜಿಲೇಬಿ ಮೀನಿನಲ್ಲಿ (ತಿಲಾಪಿಯಾ) ಅದು ಮುಂದಕ್ಕೆ ಬಂದು ಎದೆರೆಕ್ಕೆಯ ಕೆಳಗೇ ನಿಂತಿದೆ. ಮಗು ಎರಡೂ ಮೀನು ಪಕ್ಕಪಕ್ಕ ಇಟ್ಟು ನೋಡಿದರೆ ಪ್ರಶ್ನೆ ಕೇಳದೆ ಇರುತ್ತದೆಯೇ? 'ಅಡಿಜೋಡಿ ರೆಕ್ಕೆ' ಅಂದರೆ ಎರಡಕ್ಕೂ ಹೊಂದುತ್ತದೆ. ಕಿವಿಗೆ ಸ್ವಲ್ಪ ಒರಟು, ಗೊತ್ತು.

ಕೊನೆಯದು 'ಗುದ ಈಜುರೆಕ್ಕೆ'. ತರಗತಿಯಲ್ಲಿ ಹೇಳಿ ನೋಡಿ, ಪಾಠ ಅಲ್ಲಿಗೆ ಮುಗಿಯಿತು. 'ಕೆಳರೆಕ್ಕೆ' ಅನ್ನೋಣ ಅಂದರೆ ಅಡಿಜೋಡಿಯೂ ಕೆಳಗೇ ಇದೆ. ಇದು ಬಾಲಕ್ಕೆ ಹತ್ತಿರ, ಜೋಡಿಯಿಲ್ಲದ್ದು. ಬೆನ್ನುರೆಕ್ಕೆಯ ಜೊತೆ ಸೇರಿ ಮೀನು ಪಕ್ಕಕ್ಕೆ ಉರುಳದಂತೆ ತಡೆಯುತ್ತದೆ. 'ಬಾಲದಡಿ ರೆಕ್ಕೆ' ನಡೆಯುತ್ತದೆಯೇ?

ಆನೆಗೊಂದಿ, ಮುನಿರಾಬಾದ್ ಕಡೆ ಹರಿಗೋಲು ಹಾಕಿ ಮೀನು ಹಿಡಿಯುವವರ ಬಾಯಲ್ಲಿ ಈ ಕೊನೆಯ ಎರಡು ರೆಕ್ಕೆಗೆ ಬೇರೆ ಬೇರೆ ಹೆಸರಿದ್ದರೆ ತಿಳಿಸಿ. ನನ್ನ ಪದಗಳನ್ನು ಹೊಡೆದು ಅವನ್ನೇ ಹಾಕುತ್ತೇನೆ.